ಮಳೆಗಾಲಕ್ಕೆ ಮುಂಚೆ ಉಸಿರಿನ ಮಾತು

(ಬ್ರಹ್ಮಾವರ ಸಮೀಪದ ಶಾಲೆಯೊಂದರಲ್ಲಿ ಮೇ ಕೊನೆಯ ವಾರ ಆಸ್ತಮಾ, ಅಲರ್ಜಿ ಬಗ್ಗೆ ವೈದ್ಯನಾಗಿ ನಾನು ಆಡಿದ ಮಾತುಗಳ ಬರಹ ರೂಪ)

ಉಡುಪಿಯಿಂದ ಇಲ್ಲಿಗೆ ಬರುವಾಗ ದಾರಿಯುದ್ದಕ್ಕೂ ಒಂದೇ ನೋಟ. ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಾರೆ. ಒಣಗಿದ ಮಡಲು, ತೆಂಗಿನ ಸಿಪ್ಪೆ ಬಚ್ಚಲುಕೊಟ್ಟಿಗೆ ಸೇರುತ್ತಿದೆ. ಒಂದು ಮನೆಯಲ್ಲಿ ಹಪ್ಪಳ, ಇನ್ನೊಂದರಲ್ಲಿ ಹುಣಸೆಹಣ್ಣು ಕೊನೆಯ ಬಿಸಿಲು ಕಾಯುತ್ತಿವೆ. ಇನ್ನು ಹತ್ತು ದಿನಕ್ಕೆ ಮಳೆ ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಎಲ್ಲರೂ ತಯಾರಾಗುತ್ತಿದ್ದಾರೆ.

ನಮ್ಮ ಆಸ್ಪತ್ರೆಯಲ್ಲೂ ನಾವು ತಯಾರಾಗುತ್ತೇವೆ. ಜೂನ್ ಮೂರನೇ ವಾರದಿಂದ ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ ರಿಕ್ಷಾದಲ್ಲಿ ದಮ್ಮು ಕಟ್ಟಿದವರು ಬರತೊಡಗುತ್ತಾರೆ. ಪ್ರತಿ ವರ್ಷ ಬರುತ್ತಾರೆ, ಎಷ್ಟೋ ಸಲ ಅದೇ ಮುಖಗಳು. ಸೌದೆಗೆ ಮಾಡಿದ ತಯಾರಿಯಲ್ಲಿ ಅರ್ಧದಷ್ಟನ್ನು ಉಸಿರಿಗೆ ಮಾಡಿದ್ದರೆ ಅವರಲ್ಲಿ ಹೆಚ್ಚಿನವರು ಆ ರಾತ್ರಿ ಮನೆಯಲ್ಲೇ ನಿದ್ದೆ ಮಾಡುತ್ತಿದ್ದರು. ನಾನು ಇವತ್ತು ಬಂದದ್ದು ಅದನ್ನು ಹೇಳಲಿಕ್ಕೆ.

ನನ್ನ ಅಮ್ಮನಿಗೆ ಉಬ್ಬಸ ಇತ್ತು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅವರು ಮಲಗಿದ್ದನ್ನು ನಾನು ಕಂಡದ್ದು ಕಡಿಮೆ. ಚಾವಡಿಯ ಕಂಬಕ್ಕೆ ಒರಗಿ, ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಮುಂದೆ ಬಾಗಿ ಕೂತಿರುತ್ತಿದ್ದರು. ಹೊರಗೆ ಮಾಡಿನ ನೀರು ಬೀಳುವ ಸದ್ದು, ಒಳಗೆ ಅವರ ಎದೆಯ ಸುಂಯ್ ಸುಂಯ್ ಸದ್ದು. ಜಾಸ್ತಿಯಾದರೆ ಡಾಕ್ಟರು ಬಂದು ಇಂಜೆಕ್ಷನ್ ಕೊಡುತ್ತಿದ್ದರು. ಅರ್ಧ ಗಂಟೆಯಲ್ಲಿ ಸದ್ದು ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋಗುತ್ತಿದ್ದರು. ಅಲ್ಲಿಗೆ ‘ಗುಣ ಆಯ್ತು’ ಅಂತ ನಾವೆಲ್ಲ ಅಂದುಕೊಳ್ಳುತ್ತಿದ್ದೆವು.

ಗುಣ ಆಗಿರಲಿಲ್ಲ. ಬಚ್ಚಲ ಒಲೆಯನ್ನೇ ನೋಡಿ. ರಾತ್ರಿ ಉರಿ ಆರಿ ಬರೀ ಬೂದಿ ಕಾಣುತ್ತದೆ. ಬೆಳಿಗ್ಗೆ ಬೂದಿ ಕೆದಕಿ ನಾಲ್ಕು ಸಿಪ್ಪೆ ಇಟ್ಟು ಊದಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಆಸ್ತಮಾ ಹಾಗೇ ಬೂದಿ ಮುಚ್ಚಿದ ಕೆಂಡ. ಉಬ್ಬಸ ಇಲ್ಲದ ದಿನವೂ ಶ್ವಾಸನಾಳದ ಒಳಪದರ ಕೆಂಪಾಗಿ ಊದಿಕೊಂಡಿರುತ್ತದೆ. ಧೂಳೋ, ಹೊಗೆಯೋ, ಒಂದು ಶೀತವೋ ಬಂದು ಕೆದಕಿದರೆ ಸಾಕು. ನಾಳದ ಸುತ್ತ ಇರುವ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ, ಗಾಳಿ ಓಡಾಡುವ ದಾರಿ ಸಪೂರ ಆಗುತ್ತದೆ. ಇಂಜೆಕ್ಷನ್ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತಿತ್ತು, ಅಷ್ಟೆ. ಕೆಂಡಕ್ಕೆ ನೀರು ಹಾಕಿದವರು ಯಾರೂ ಇರಲಿಲ್ಲ.

ಕೆಂಡ ಹುಟ್ಟುವುದು ಎಲ್ಲಿಂದ? ಎಲ್ಲರಿಗೂ ಅಲ್ಲದಿದ್ದರೂ ತುಂಬಾ ಮಂದಿಗೆ ಅಲರ್ಜಿಯಿಂದ. ‘ಅಲರ್ಜಿ’ ಅನ್ನುವ ಶಬ್ದ ಹುಟ್ಟಿದ್ದು 1906ರಲ್ಲಿ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು ಕಟ್ಟಿದರು. ರೋಗ ತಡೆಯಬೇಕಾದ ಶಕ್ತಿಯೇ ಕೆಲವರಲ್ಲಿ ಬೇರೆ ರೀತಿ ವರ್ತಿಸುತ್ತದೆ ಅಂತ ಅವರು ಗಮನಿಸಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಗ್ಗ ನೋಡಿ ಹಾವು ಅಂತ ಹೊಡೆಯುವುದು. ಧೂಳು ನಮ್ಮ ಶತ್ರು ಅಲ್ಲ. ಸಿಗಡಿಯೂ ಅಲ್ಲ. ಆದರೆ ಅಲರ್ಜಿ ಇರುವವರ ದೇಹ ಅದನ್ನು ಶತ್ರು ಅಂತ ಗುರುತು ಹಾಕಿಕೊಂಡು, ಅದಕ್ಕೇ ಅಂತ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಇವು ಮೂಗು, ಶ್ವಾಸನಾಳ, ಚರ್ಮ, ಕರುಳುಗಳಲ್ಲಿರುವ ಮಾಸ್ಟ್ ಎಂಬ ಜೀವಕೋಶಗಳ ಮೇಲೆ ಕೂತು ಕಾಯುತ್ತವೆ. ಅದೇ ವಸ್ತು ಮತ್ತೆ ಬಂದ ಕೂಡಲೇ ಆ ಕೋಶಗಳು ಹಿಸ್ಟಮಿನ್ ಮತ್ತು ಇತರ ರಾಸಾಯನಿಕಗಳನ್ನು ಸುರಿಯುತ್ತವೆ. ಮೂಗಿನಲ್ಲಿ ಸುರಿದರೆ ಸೀನು, ಚರ್ಮದಲ್ಲಿ ಸುರಿದರೆ ದದ್ದು, ಶ್ವಾಸನಾಳದಲ್ಲಿ ಸುರಿದರೆ ಉಬ್ಬಸ.

‘ಮತ್ತೆ ಬಂದ ಕೂಡಲೇ’ ಅನ್ನುವುದನ್ನು ನೆನಪಿಡಿ. ‘ಮೂವತ್ತು ವರ್ಷ ಎಟ್ಟಿ (ಸಿಗಡಿ) ತಿಂದಿದ್ದೇನೆ ಡಾಕ್ಟ್ರೇ, ಈಗ ಎಂತ ಅಲರ್ಜಿ ಮಾರಾಯ್ರೆ?’ ಅಂತ ಕೇಳುವವರು ತುಂಬಾ ಜನ. ಗುರುತು ಹಾಕಿಕೊಳ್ಳಲು ದೇಹಕ್ಕೆ ಸಮಯ ಬೇಕು. ಅದು ಮೂರು ವಾರವೂ ಆಗಬಹುದು, ಮೂವತ್ತು ವರ್ಷವೂ ಆಗಬಹುದು.

ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಲರ್ಜಿ ಯಾವುದು? ಎಷ್ಟೋ ಜನ ರಸ್ತೆ ಧೂಳು ಅನ್ನುತ್ತಾರೆ. ಅಲ್ಲ. ನೀವು ತಲೆ ಇಡುವ ದಿಂಬು. ತೆಂಗಿನಕಾಯಿಗೆ ಬರುವ ನುಸಿ ಇಲ್ಲಿ ತೋಟ ಇರುವ ಎಲ್ಲರಿಗೂ ಗೊತ್ತು. ಅದೇ ಬಳಗದ ಬೇರೆ ಜಾತಿಯ ನುಸಿಗಳು ಹಾಸಿಗೆ, ದಿಂಬು, ಕಂಬಳಿ, ಸೋಫಾಗಳಲ್ಲಿ ಇರುತ್ತವೆ. ಒಂದೊಂದೂ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಬರಿಗಣ್ಣಿಗೆ ಸಿಗುವುದಿಲ್ಲ. ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ತೊಂದರೆ ಇರುವುದು ಅವುಗಳ ಹಿಕ್ಕೆಯಲ್ಲಿ. ನೀವು ಹಾಸಿಗೆ ಕೊಡವಿದಾಗ, ದಿಂಬಿನ ಮೇಲೆ ಮಗ್ಗಲು ಬದಲಿಸಿದಾಗ ಅದು ಗಾಳಿಗೆ ಏಳುತ್ತದೆ, ಮೂಗಿಗೆ ಹೋಗುತ್ತದೆ. ಮನೆಯ ಧೂಳಿನ ಅಲರ್ಜಿಗೆ ಮುಖ್ಯ ಕಾರಣ ಈ ನುಸಿ ಅಂತ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದ್ದು 1964ರಲ್ಲಿ. ಅದಕ್ಕೆ ಮೊದಲು ಡಾಕ್ಟರುಗಳೂ ‘ಧೂಳು’ ಅಂತ ಹೇಳಿ ಸುಮ್ಮನಾಗುತ್ತಿದ್ದರು.

ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವಾಂಶ ನೂರಕ್ಕೆ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ನಮ್ಮಲ್ಲಿ ಅಷ್ಟು ಒಣ ಗಾಳಿ ವರ್ಷದಲ್ಲಿ ಎಷ್ಟು ದಿನ ಸಿಗುತ್ತದೆ ಹೇಳಿ? ಒಂದು ಮಳೆಗಾಲಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಊರು ನಮ್ಮದು. ಚಪ್ಪಲಿ ಬೂಷ್ಟು ಹಿಡಿಯುತ್ತದೆ, ಬೀರುವಿನ ಸೀರೆಗೆ ವಾಸನೆ ಬರುತ್ತದೆ. ಹಾಸಿಗೆಯ ಒಳಗೆ ಎಂತ ನಡೆಯುತ್ತಿದೆ ಅಂತ ಯೋಚಿಸಿ.

ಹಾಗಾಗಿ ಈ ಹತ್ತು ದಿನದಲ್ಲಿ ಹಪ್ಪಳದ ಪಕ್ಕ ಹಾಸಿಗೆ, ದಿಂಬನ್ನೂ ಬಿಸಿಲಿಗೆ ಹಾಕಿ. ಬಿಸಿಲಿಗೆ ಒಣಗಿ ನುಸಿ ಸಾಯುತ್ತದೆ, ಆದರೆ ಹಿಕ್ಕೆ ಉಳಿಯುತ್ತದೆ. ಆದ್ದರಿಂದ ಅಂಗಳದಲ್ಲೇ ಚೆನ್ನಾಗಿ ಬಡಿದು ಒಳಗೆ ತನ್ನಿ. ಬಡಿಯುವ ಕೆಲಸ ಉಬ್ಬಸ ಇಲ್ಲದವರದ್ದು. ಬೆಡ್‌ಶೀಟು, ದಿಂಬಿನ ಚೀಲ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆಯಿರಿ. ಕೈಗೆ ಹಿತ ಅನಿಸುವ ಬೆಚ್ಚಗಿನ ನೀರು ಸಾಲದು, 55–60 ಡಿಗ್ರಿ ಬಿಸಿ ಬೇಕು. ಹಂಡೆಯಲ್ಲಿ ಕುದಿ ಬರುವ ಮೊದಲಿನ ನೀರು ಧಾರಾಳ ಆಯಿತು. ಹತ್ತು ವರ್ಷ ಹಳೆಯ ಹತ್ತಿ ದಿಂಬನ್ನು ಬಿಸಾಡಿ. ಅದರ ಮೇಲೆ ಎಷ್ಟೇ ಪ್ರೀತಿ ಇರಲಿ. ಮಲಗುವ ಕೋಣೆಯಲ್ಲಿ ಹಳೆ ಬಟ್ಟೆಯ ಗಂಟು, ಪೇಪರಿನ ಕಟ್ಟು, ಮೆತ್ತಗಿನ ಗೊಂಬೆಗಳ ರಾಶಿ ಬೇಡ. ಚಾಪೆಯಲ್ಲಿ ಮಲಗಿ ಅಭ್ಯಾಸ ಇರುವವರಿಗೆ ಇದರಲ್ಲಿ ಒಂದು ಅನುಕೂಲ ಉಂಟು, ಒರೆಸಿ ಒಣಗಿಸಿದರೆ ಮುಗಿಯಿತು. ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಹಾಸಿಗೆ ಒಂದನ್ನೇ ಸರಿ ಮಾಡಿದರೆ ಆಸ್ತಮಾ ಹೋಗುವುದಿಲ್ಲ. ಇದು ಔಷಧದ ಜೊತೆಗೆ, ಔಷಧದ ಬದಲಿಗೆ ಅಲ್ಲ.

ಯಕ್ಷಗಾನದ ವೇಷಧಾರಿಯೊಬ್ಬರು ಪ್ರತಿ ವರ್ಷ ನವೆಂಬರಿನಲ್ಲಿ ನನ್ನಲ್ಲಿಗೆ ಬರುತ್ತಿದ್ದರು. ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ವೇಷದ ಬಟ್ಟೆಗಳು ಪೆಟ್ಟಿಗೆ ಸೇರುತ್ತವೆ. ಮಳೆಗಾಲ ಪೂರ್ತಿ ಅಲ್ಲೇ ಇರುತ್ತವೆ. ತಿರುಗಾಟದ ಮೊದಲ ವಾರ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಪೆಟ್ಟಿಗೆ ತೆರೆದ ಕೂಡಲೇ ಇವರಿಗೆ ಸೀನು ಶುರು, ನಡುರಾತ್ರಿಗೆ ಎದೆ ಬಿಗಿತ. ಬಣ್ಣದ ಅಲರ್ಜಿ ಅಂತ ಅವರು ನಂಬಿದ್ದರು. ಬಣ್ಣ ಆರು ತಿಂಗಳೂ ಹಚ್ಚುತ್ತೀರಿ, ತೊಂದರೆ ಮಾತ್ರ ಮೊದಲ ಎರಡು ವಾರ ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅವರೇ ‘ಪೆಟ್ಟಿಗೆ!’ ಅಂದರು. ಈಗ ಅಕ್ಟೋಬರ್ ಬಿಸಿಲಿಗೇ ಅವರ ಪೆಟ್ಟಿಗೆ ಹೊರಗೆ ಬರುತ್ತದೆ. ಸೆಪ್ಟೆಂಬರಿನಿಂದ ಇನ್‌ಹೇಲರ್ ತಪ್ಪಿಸುವುದಿಲ್ಲ.

ಅಲರ್ಜಿ ಪತ್ತೆ ಮಾಡುವುದು ಮೊದಲು ಹೀಗೇ, ಮಾತಿನಲ್ಲಿ. ಯಾವಾಗ, ಎಲ್ಲಿ, ಎಂತ ಮಾಡುವಾಗ, ಮನೆಯಲ್ಲಿ ಜಾಸ್ತಿಯಾ ಕೆಲಸದಲ್ಲಾ, ಊರು ಬಿಟ್ಟು ಹೋದಾಗ ಕಡಿಮೆ ಆಗುತ್ತದಾ. ಆಮೇಲೆ ಪರೀಕ್ಷೆ. ಮುಂಗೈ ಮೇಲೆ ಬೇರೆ ಬೇರೆ ಅಲರ್ಜಿ ದ್ರವದ ಹನಿ ಇಟ್ಟು ಸೂಜಿ ಮೊನೆಯಿಂದ ಮೆಲ್ಲ ಚುಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಎದ್ದರೆ, 3 ಮಿಲಿಮೀಟರಿಗೆ ಕಮ್ಮಿ ಇಲ್ಲದಿದ್ದರೆ, ಅದಕ್ಕೆ ದೇಹ ಗುರುತು ಹಾಕಿಕೊಂಡಿದೆ ಅಂತ ಲೆಕ್ಕ. ಇದಕ್ಕೆ ಮೊದಲು ಒಂದು ವಾರ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಗುಳ್ಳೆ ಏಳುವುದಿಲ್ಲ. ಇದರ ಬದಲು ರಕ್ತದಲ್ಲೂ ಐಜಿಇ ನೋಡಬಹುದು.

ಆದರೆ ಗುರುತು ಇದ್ದ ಮಾತ್ರಕ್ಕೆ ರೋಗ ಇದೆ ಅಂತ ಅಲ್ಲ. ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಎಂಟು ಪುಟದ ರಿಪೋರ್ಟು. ಅದನ್ನು ನೋಡಿ ಮಗುವಿಗೆ ಹಾಲು, ಮೊಟ್ಟೆ, ಗೋಧಿ, ಬದನೆ, ತೊಗರಿಬೇಳೆ, ಬಾಳೆಹಣ್ಣು ಎಲ್ಲ ನಿಲ್ಲಿಸಿದ್ದರು. ಮಗು ಬಡಕಲಾಗಿತ್ತು. ಅದಕ್ಕೆ ಇದ್ದದ್ದು ನುಸಿಯ ಅಲರ್ಜಿ ಮತ್ತು ಆಸ್ತಮಾ. ಬಾಳೆಹಣ್ಣು ತಿಂದು ಮಗುವಿಗೆ ಯಾವತ್ತಾದರೂ ಏನಾದರೂ ಆಗಿದೆಯಾ ಅಂದರೆ, ‘ಇಲ್ಲ, ಆದರೆ ರಿಪೋರ್ಟಿನಲ್ಲಿ ಉಂಟು’ ಅಂದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು. ತಿಂದು ತೊಂದರೆ ಆಗದ ಆಹಾರವನ್ನು ಕಾಗದ ನೋಡಿ ಬಿಡಬೇಡಿ. ಕೂದಲು ಕೊಟ್ಟು ಮಾಡಿಸುವ ಅಲರ್ಜಿ ಪರೀಕ್ಷೆಗೆ, ಆಹಾರಕ್ಕೆ ಐಜಿಜಿ ಎಂಬ ಬೇರೆ ಪ್ರತಿಕಾಯ ನೋಡುವ ಪರೀಕ್ಷೆಗೆ ದುಡ್ಡು ಹಾಕಬೇಡಿ. ಅವುಗಳಿಂದ ಅಲರ್ಜಿ ತಿಳಿಯುವುದಿಲ್ಲ.

ಮೀನಿನ ವಿಷಯ ಬಿಟ್ಟು ಈ ಊರಿನಲ್ಲಿ ಅಲರ್ಜಿ ಮಾತು ಮುಗಿಸಲಾಗದು. ಸಿಗಡಿ, ಏಡಿಗಳ ಮಾಂಸದಲ್ಲಿ ಟ್ರೋಪೊಮಯೊಸಿನ್ ಎಂಬ ಪ್ರೋಟೀನ್ ಇದೆ. ಎಷ್ಟು ಬೇಯಿಸಿದರೂ ಅದು ಹಾಳಾಗುವುದಿಲ್ಲ. ವಿಶೇಷ ಅಂದರೆ, ಹೆಚ್ಚುಕಡಿಮೆ ಅದೇ ಪ್ರೋಟೀನ್ ಧೂಳಿನ ನುಸಿಯಲ್ಲೂ ಇದೆ, ಜಿರಳೆಯಲ್ಲೂ ಇದೆ. ಇವೆಲ್ಲ ದೂರದ ಸಂಬಂಧಿಗಳು. ಅದಕ್ಕೇ ನುಸಿ ಅಲರ್ಜಿ ಇರುವ ಕೆಲವರಿಗೆ ಎಟ್ಟಿ ತಿಂದರೆ ತುಟಿ ತುರಿಸುವುದು. ಸಿಗಡಿ ಆಗದವರು ಮೀನನ್ನೂ ಬಿಡಬೇಕು ಅಂತೇನಿಲ್ಲ. ಮೀನಿನ ಅಲರ್ಜಿಗೆ ಕಾರಣವಾಗುವ ಪ್ರೋಟೀನೇ ಬೇರೆ.

ಇನ್ನೊಂದು ಸಂಗತಿ ಅಲರ್ಜಿ ಹಾಗೆ ಕಂಡರೂ ಅಲರ್ಜಿ ಅಲ್ಲ. ಮದುವೆ ಮನೆಯಲ್ಲೋ ಹೋಟೆಲಿನಲ್ಲೋ ಬಂಗುಡೆ ತಿಂದು ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈಯೆಲ್ಲ ತುರಿಕೆ. ಒಬ್ಬರಿಗಲ್ಲ, ಒಂದೇ ಪಂಕ್ತಿಯಲ್ಲಿ ನಾಲ್ಕೈದು ಜನರಿಗೆ. ಬಂಗುಡೆ, ಕೇದರ (ಟ್ಯೂನಾ) ದಂಥ ಮೀನನ್ನು ಹಿಡಿದ ಮೇಲೆ ಸರಿಯಾಗಿ ಐಸಿನಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲೇ ಹಿಸ್ಟಮಿನ್ ತಯಾರಿಸುತ್ತವೆ. ಹುರಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ಅಲರ್ಜಿ ಮಾತ್ರೆಗೆ ಕಡಿಮೆ ಆಗುತ್ತದೆ. ಅಂಥವರು ‘ನನಗೆ ಬಂಗುಡೆ ಅಲರ್ಜಿ’ ಅಂತ ಜನ್ಮ ಪೂರ್ತಿ ಮೀನು ಬಿಡುವುದು ಬೇಡ. ತಾಜಾ ಮೀನು ತಿಂದರೆ ಏನೂ ಆಗಲಿಕ್ಕಿಲ್ಲ. ಆದರೂ ಒಮ್ಮೆ ಡಾಕ್ಟರಲ್ಲಿ ಮಾತಾಡಿಯೇ ಮತ್ತೆ ಶುರು ಮಾಡಿ.

ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ತಾಗಿ ಚರ್ಮ ಬೊಕ್ಕೆ ಏಳುವುದು ಇನ್ನೊಂದು ಬಗೆ. ಅದು ಒಂದೆರಡು ದಿನ ತಡವಾಗಿ ಬರುವ ಅಲರ್ಜಿ, ಐಜಿಇಗೆ ಸಂಬಂಧ ಇಲ್ಲ. ಅದು ಚರ್ಮದ ಡಾಕ್ಟರ ವಿಷಯ, ಇಲ್ಲಿಗೆ ಬಿಡುತ್ತೇನೆ.

ಮೂಗಿಗೆ ಬರೋಣ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹನ್ನೆರಡು ಸೀನು, ನೀರು ಸುರಿಯುವ ಮೂಗು, ಕಣ್ಣು ತುರಿಕೆ, ಜ್ವರ ಇಲ್ಲ. ಇದು ಶೀತ ಅಲ್ಲ, ಮೂಗಿನ ಅಲರ್ಜಿ. ಮೂಗು, ಎದೆ ಬೇರೆ ಬೇರೆ ಅಲ್ಲ, ಒಂದೇ ದಾರಿಯ ಎರಡು ತುದಿ. ಆಸ್ತಮಾ ಇರುವವರಲ್ಲಿ ಹೆಚ್ಚಿನವರಿಗೆ ಮೂಗಿನ ತೊಂದರೆಯೂ ಇರುತ್ತದೆ. ಮೂಗನ್ನು ನೋಡಿಕೊಳ್ಳದಿದ್ದರೆ ಎದೆಯೂ ಸರಿ ಹೋಗುವುದಿಲ್ಲ. ಸೀನು, ತುರಿಕೆಗೆ ಸೆಟಿರಿಜಿನ್, ಫೆಕ್ಸೊಫೆನಾಡಿನ್‌ನಂಥ ಮಾತ್ರೆ ಆಗುತ್ತದೆ. ಹಳೆಯ ನಿದ್ದೆ ಬರಿಸುವ ಮಾತ್ರೆ ತಿಂದು ಬೈಕು, ಬೋಟು ಓಡಿಸಬೇಡಿ. ಮೂಗು ಕಟ್ಟುವುದಕ್ಕೆ ನಿಜವಾದ ಮದ್ದು ಊತ ಇಳಿಸುವ ಸ್ಟೀರಾಯ್ಡ್ ಸ್ಪ್ರೇ. ಅದು ಇವತ್ತು ಹೊಡೆದು ಇವತ್ತೇ ತೆರೆಯುವುದಲ್ಲ, ಪೂರ್ತಿ ಫಲ ಕಾಣಲು ಎರಡು ವಾರ ಬೇಕು. ಹೊಡೆಯುವಾಗ ನಡುವಿನ ಗೋಡೆಯ ಕಡೆಗೆ ಅಲ್ಲ, ಹೊರಗೆ, ಕಿವಿಯ ಕಡೆಗೆ ತಿರುಗಿಸಿ. ಒಂದೇ ನಿಮಿಷದಲ್ಲಿ ಮೂಗು ತೆರೆಯುವ ಡ್ರಾಪ್ಸ್ ಸಿಗುತ್ತದಲ್ವಾ, ಅದನ್ನು ಐದು ದಿನಕ್ಕಿಂತ ಜಾಸ್ತಿ ಹಾಕಬೇಡಿ. ಆಮೇಲೆ ಡ್ರಾಪ್ಸೇ ಮೂಗು ಕಟ್ಟಿಸುತ್ತದೆ.

ಈಗ ಎದೆ. ಆಸ್ತಮಾದ ಗುಣ ಅಂದರೆ ಏರಿಳಿತ. ಕೆಮ್ಮು, ಉಬ್ಬಸ, ಎದೆ ಬಿಗಿತ, ಏದುಸಿರು ಬರುತ್ತವೆ, ಹೋಗುತ್ತವೆ. ರಾತ್ರಿ, ಬೆಳಗಿನ ಜಾವ ಜಾಸ್ತಿ. ನಗುವಾಗ, ಓಡುವಾಗ, ತಣ್ಣಗಿನ ಗಾಳಿಗೆ ಜಾಸ್ತಿ. ಕೆಲವರಿಗೆ ಬರೀ ಕೆಮ್ಮು. ಹಾಗಂತ ಉಬ್ಬಸ ಎಲ್ಲ ಆಸ್ತಮಾ ಅಲ್ಲ. ಐವತ್ತು ದಾಟಿದ ಬೀಡಿ ಸೇದುವವರಿಗೆ, ಹೊಗೆಯ ಒಲೆಯ ಮುಂದೆಯೇ ಆಯುಷ್ಯ ಕಳೆದ ಹೆಂಗಸರಿಗೆ ಬರುವ ಸಿಒಪಿಡಿ, ಅಂದರೆ ಗಾಳಿಯ ದಾರಿ ಶಾಶ್ವತವಾಗಿ ಸಪೂರ ಆಗುವ ಕಾಯಿಲೆ, ಬೇರೆ ರೋಗ. ಹೃದಯದ ತೊಂದರೆಯಲ್ಲೂ ಉಬ್ಬಸ ಬರಬಹುದು. ಆದ್ದರಿಂದ ಊದಿಸಿ ನೋಡಬೇಕು. ಸ್ಪೈರೋಮೆಟ್ರಿ ಅಂದರೆ ಅಷ್ಟೇ. ಉಸಿರು ಪೂರ್ತಿ ಎಳೆದು, ಶಂಖ ಊದಿದ ಹಾಗೆ ಒಂದೇ ಬಾರಿಗೆ ಜೋರಾಗಿ, ಕೊನೆಯ ತನಕ ಊದಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅಂತ ಯಂತ್ರ ಅಳೆಯುತ್ತದೆ. ಬಿಗಿದ ಸ್ನಾಯು ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತೇವೆ. ಅಳತೆ ನೂರಕ್ಕೆ 12 ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಆಸ್ತಮಾಕ್ಕೆ ಗಟ್ಟಿ ಆಧಾರ ಸಿಕ್ಕಿತು. ಚೆನ್ನಾಗಿರುವ ದಿನ ಮಾಡಿಸಿದರೆ ನಾರ್ಮಲ್ ಬರಬಹುದು, ಅದರಿಂದ ಆಸ್ತಮಾ ಇಲ್ಲ ಅಂತ ಆಗುವುದಿಲ್ಲ. ಐದು ವರ್ಷದ ಒಳಗಿನ ಮಕ್ಕಳಿಗೆ ಇದನ್ನು ಸರಿಯಾಗಿ ಊದಲು ಬರುವುದಿಲ್ಲ. ಅಲ್ಲಿ ತಾಯಿ ಹೇಳುವ ಕಥೆಯೇ ಮುಖ್ಯ. ರಾತ್ರಿ ಮಗುವಿನ ಎದೆಯಲ್ಲಿ ಸದ್ದು ಬರುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ. ತುಂಬಾ ಉಪಕಾರ ಆಗುತ್ತದೆ.

ಜಗತ್ತಿನ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಮಂದಿ ನಮ್ಮ ದೇಶದವರು. ಆಸ್ತಮಾದಿಂದ ಆಗುವ ಸಾವುಗಳಲ್ಲಿ ಮಾತ್ರ ನೂರಕ್ಕೆ 40ಕ್ಕೂ ಹೆಚ್ಚು ನಮ್ಮಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರ ನನ್ನ ನಿದ್ದೆ ಕೆಡಿಸುತ್ತದೆ. ರೋಗ ಎಲ್ಲ ಕಡೆ ಒಂದೇ. ಔಷಧ ನಮ್ಮ ಪೇಟೆಯ ಮೆಡಿಕಲ್‌ನಲ್ಲೂ ಸಿಗುತ್ತದೆ. ಕೊರತೆ ಇರುವುದು ಅದನ್ನು ಬಾಯಿಗೆ ಇಟ್ಟುಕೊಳ್ಳುವ ಧೈರ್ಯದಲ್ಲಿ.

ಕಾರ್ಕಳ ಕಡೆಯ ಹುಡುಗಿ ಒಬ್ಬಳು ಇನ್‌ಹೇಲರಿನಲ್ಲಿ ಚೆನ್ನಾಗಿದ್ದಳು. ಮದುವೆ ನಿಶ್ಚಯ ಆಯಿತು. ಅವಳ ತಾಯಿ ಬಂದು, ‘ಗಂಡಿನ ಮನೆಯವರಿಗೆ ಗೊತ್ತಾದರೆ ಕಷ್ಟ ಡಾಕ್ಟ್ರೇ, ಇದನ್ನು ಬಿಡಿಸಿ ಮಾತ್ರೆ ಕೊಡಿ’ ಅಂದರು. ನಾನು ಒಪ್ಪಲಿಲ್ಲ. ಅವರು ಮನೆಗೆ ಹೋಗಿ ಅವರೇ ಬಿಡಿಸಿದರು. ಮದುವೆಯ ರಾತ್ರಿ ಅವಳನ್ನು ಕರೆದುಕೊಂಡು ಬಂದಾಗ ತಲೆ ತುಂಬಾ ಶಂಕರಪುರ ಮಲ್ಲಿಗೆ, ಕೈ ತುಂಬಾ ಮದರಂಗಿ. ಒಂದು ವಾಕ್ಯ ಪೂರ್ತಿ ಮಾಡಲು ಉಸಿರು ಸಾಲುತ್ತಿರಲಿಲ್ಲ. ಹೋಮದ ಹೊಗೆ, ಎರಡು ತಿಂಗಳು ಬಿಟ್ಟ ಮದ್ದು. ಆಕ್ಸಿಜನ್ ಮಾಸ್ಕಿನ ದಾರ ತಲೆಗೆ ಸಿಕ್ಕಿಸಲು ನರ್ಸಮ್ಮ ಆ ಮಲ್ಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಮೇಜಿನ ಮೇಲೆ ಇಟ್ಟರು. ಹುಡುಗಿ ಉಳಿದಳು. ಗಂಡ ಹೊರಗೆ ಬೆಂಚಿನಲ್ಲಿ ಕೂತಿದ್ದ. ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಕೇಳಿದ್ದು ಒಂದೇ: ‘ಅದನ್ನು ಹೇಗೆ ತೆಗೆದುಕೊಳ್ಳೋದು ಅಂತ ನನಗೂ ತೋರಿಸಿ ಕೊಡ್ತೀರಾ?’

ಇನ್‌ಹೇಲರ್ ಕೊನೆಯ ಮದ್ದಲ್ಲ, ಮೊದಲ ಮದ್ದು. ಅಭ್ಯಾಸ ಆಗುವ ಚಟವೂ ಅಲ್ಲ. ಒಂದು ಲೆಕ್ಕ ಹೇಳುತ್ತೇನೆ. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ. ಇನ್‌ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅಂದರೆ ಮಾತ್ರೆ ನಲವತ್ತು ಪಟ್ಟು. ಮಾತ್ರೆ ಹೊಟ್ಟೆ, ರಕ್ತ ಎಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಅನ್ನಿಸಿ ಆಮೇಲೆ ಶ್ವಾಸನಾಳಕ್ಕೆ ಬರುತ್ತದೆ. ಇನ್‌ಹೇಲರ್ ನೇರ ಅಲ್ಲಿಗೇ. ಸ್ಟೀರಾಯ್ಡಿಗೂ ಅದೇ ಲೆಕ್ಕ. ಆಸ್ಪತ್ರೆಗೆ ಸೇರಿದರೆ ದಿನಕ್ಕೆ 40 ಮಿಲಿಗ್ರಾಂ ಮಾತ್ರೆ ಕೊಡಬೇಕಾಗುತ್ತದೆ. ಇನ್‌ಹೇಲರಿನಲ್ಲಿ ಹೆಚ್ಚಿನವರಿಗೆ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಸಾಕು. ಮಕ್ಕಳ ಎತ್ತರಕ್ಕೆ ತೊಂದರೆ ಆಗುತ್ತದಾ ಅಂತ ಕೇಳುತ್ತೀರಿ. ಸುಮಾರು ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಂಡಿದೆ, ಮುಚ್ಚಿಡುವುದಿಲ್ಲ. ರಾತ್ರಿ ನಿದ್ದೆ ಇಲ್ಲದೆ, ಶಾಲೆ ತಪ್ಪಿಸಿ, ಪದೇ ಪದೇ ಸ್ಟೀರಾಯ್ಡ್ ಮಾತ್ರೆ ತಿನ್ನುವ ಮಗು ಅದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಳ್ಳುತ್ತದೆ.

ಇನ್‌ಹೇಲರಿನಲ್ಲಿ ಎರಡು ಜಾತಿ. ಒಂದು ಬಿಗಿದ ಸ್ನಾಯು ಸಡಿಲಿಸುವುದು, ಇನ್ನೊಂದು ಊತ ಇಳಿಸುವುದು. ಜನರಿಗೆ ಮೊದಲನೆಯದರ ಮೇಲೆ ಪ್ರೀತಿ, ಯಾಕೆಂದರೆ ಐದು ನಿಮಿಷದಲ್ಲಿ ಸುಖ ಕೊಡುತ್ತದೆ. ಕೆಂಡ ಆರಿಸುವುದು ಎರಡನೆಯದು. 2019ರಲ್ಲಿ ಗಿನಾ ಎಂಬ ಅಂತಾರಾಷ್ಟ್ರೀಯ ತಜ್ಞರ ಕೂಟ ದೊಡ್ಡ ಬದಲಾವಣೆ ಮಾಡಿತು. ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಒಂದರಲ್ಲೇ ಆಸ್ತಮಾ ನಡೆಸಬಾರದು, ಎಷ್ಟೇ ಹಗುರ ಇದ್ದರೂ ಜೊತೆಗೆ ಸ್ಟೀರಾಯ್ಡ್ ಇನ್‌ಹೇಲರ್ ಇರಲೇಬೇಕು ಅಂತ. ಊತ ಇಳಿಸುವ ಬುಡೆಸೊನೈಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಒಂದೇ ಇನ್‌ಹೇಲರ್ ಎರಡೂ ಕೆಲಸ ಮಾಡುತ್ತದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಾಲ್ಬುಟಮಾಲ್ ಡಬ್ಬಿ ಖಾಲಿ ಮಾಡುವವರು ದೊಡ್ಡ ಅಟ್ಯಾಕಿನ ಅಂಚಿನಲ್ಲಿದ್ದಾರೆ ಅಂತ ತಿಳಿಯಿರಿ. ಮನೆಗೆ ಹೋಗಿ ಡಬ್ಬಿ ಎಣಿಸಿ. ಕಳೆದ ನಾಲ್ಕು ವಾರದಲ್ಲಿ ರಾತ್ರಿ ಉಬ್ಬಸಕ್ಕೆ ಎಚ್ಚರ ಆಗಿತ್ತಾ, ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ತೊಂದರೆ ಆಗಿತ್ತಾ, ಮಾಡಬೇಕಾದ ಕೆಲಸ ಬಿಟ್ಟಿರಾ? ಒಂದಕ್ಕೆ ಹೌದು ಅಂದರೂ ಆಸ್ತಮಾ ಪೂರ್ತಿ ಹತೋಟಿಯಲ್ಲಿಲ್ಲ.

ಈಗ ನನ್ನದೇ ಒಂದು ತಪ್ಪು. ಮಲ್ಪೆಯಲ್ಲಿ ಮೀನು ಮಾರುವ ಅಕ್ಕ ಒಬ್ಬರು ಎರಡು ವರ್ಷದಿಂದ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದರು. ಗುಣ ಇಲ್ಲ. ನಾನು ಡೋಸ್ ಏರಿಸುತ್ತಾ ಹೋದೆ. ಒಂದು ದಿನ, ‘ಅಕ್ಕ, ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿ’ ಅಂದೆ. ಸೊಂಟದ ಚೀಲದಿಂದ ತೆಗೆದು ಬಾಯಿ ತೆರೆದು ಒತ್ತಿದರು. ಒತ್ತಿ, ಆಮೇಲೆ ಉಸಿರು ಎಳೆದರು. ಮದ್ದು ಹೊಗೆ ಹಾಗೆ ತುಟಿಯಂಚಿನಿಂದ ಹೊರಗೆ ಬಂತು. ಎರಡು ವರ್ಷದ ಮದ್ದು ಅವರ ನಾಲಿಗೆ ಒದ್ದೆ ಮಾಡಿತ್ತು, ಎದೆಗೆ ಇಳಿದಿರಲೇ ಇಲ್ಲ. ಚೀಟಿ ಬರೆದವನು ನಾನು, ಒಮ್ಮೆಯೂ ತೋರಿಸಿ ಕೊಟ್ಟಿರಲಿಲ್ಲ. ಅವತ್ತು ಸ್ಪೇಸರ್ (ಮದ್ದು ಹಿಡಿದಿಡುವ ಕೊಳವೆ) ಕೊಟ್ಟು, ನನ್ನ ಮುಂದೆಯೇ ಹತ್ತು ಸಲ ಮಾಡಿಸಿದೆ. ಮುಂದಿನ ತಿಂಗಳು ಬಂದಾಗ ಡೋಸ್ ಅರ್ಧಕ್ಕೆ ಇಳಿಸಿದೆ.

ಇಲ್ಲಿ ನೋಡಿ. ಮುಚ್ಚಳ ತೆಗೆಯಿರಿ, ಚೆನ್ನಾಗಿ ಅಲುಗಾಡಿಸಿ. ಸ್ಪೇಸರಿಗೆ ಸಿಕ್ಕಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಬಾಯಿಗಿಟ್ಟು ತುಟಿ ಬಿಗಿ ಮಾಡಿ. ಒಮ್ಮೆ ಒತ್ತಿ, ಮೆಲ್ಲ ಮೆಲ್ಲ ಎಳೆಯಿರಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಇನ್ನೊಂದು ಬೇಕಾದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಅಗ್ರ ಕಟ್ಟುತ್ತದೆ. ಕ್ಯಾಪ್ಸೂಲ್ ಹಾಕಿ ತಿರುಗಿಸುವ ಪುಡಿಯ ಇನ್‌ಹೇಲರ್ ಆದರೆ ಇದರ ಉಲ್ಟಾ, ಜೋರಾಗಿ, ಬೇಗ ಎಳೆಯಬೇಕು. ಈ ಒತ್ತುವ ಇನ್‌ಹೇಲರ್ ಬಂದ ಕಥೆಯೂ ಒಂದು ಮಗುವಿನದ್ದೇ. 1955ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥರ ಮಗಳು, 13 ವರ್ಷದ ಆಸ್ತಮಾ ಹುಡುಗಿ, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಮದ್ದೂ ಯಾಕೆ ಇರಬಾರದು ಅಂತ ಅಪ್ಪನನ್ನು ಕೇಳಿದಳು. ಮರುವರ್ಷ ಅದು ಅಂಗಡಿಗೆ ಬಂತು.

ಅಟ್ಯಾಕ್ ಬಂದರೆ ಮಲಗಿಸಬೇಡಿ, ಕೂರಿಸಿ. ಸಾಲ್ಬುಟಮಾಲ್ ಸ್ಪೇಸರಿನಲ್ಲಿ ಒಂದೊಂದೇ ಒತ್ತು, ನಾಲ್ಕರಿಂದ ಹತ್ತರವರೆಗೆ. ಮಾತು ತುಂಡಾಗುತ್ತಿದ್ದರೆ, ಕುತ್ತಿಗೆಯ ಸ್ನಾಯು ಒಳಗೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮದ್ದಿನ ಗುಣ ನಾಲ್ಕು ಗಂಟೆಯೂ ನಿಲ್ಲದಿದ್ದರೆ ಬೆಳಗಾಗಲು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಕೊಡುತ್ತಾ ಇರಿ. ಉಬ್ಬಸದ ಸದ್ದು ಪಕ್ಕನೆ ನಿಂತು ಮನುಷ್ಯ ಮಂಕಾದರೆ ಅದು ಗುಣ ಅಲ್ಲ, ಗಾಳಿಯೇ ಓಡುತ್ತಿಲ್ಲ ಅಂತ ಅರ್ಥ. ಇನ್ನು ಹೆಜ್ಜೇನು ಕಚ್ಚಿಯೋ, ಏನಾದರೂ ತಿಂದೋ, ಇಂಜೆಕ್ಷನ್ ಆದ ಮೇಲೋ ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿ, ತಲೆ ತಿರುಗಿದರೆ ಅದು ಅನಾಫಿಲಾಕ್ಸಿಸ್, ಪ್ರಾಣಕ್ಕೇ ಅಪಾಯ ತರುವ ಅಲರ್ಜಿ. ಅದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಯ ಸ್ನಾಯುವಿಗೆ, ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ಅಲರ್ಜಿ ಮಾತ್ರೆ ಕೊಟ್ಟು ನೋಡೋಣ ಅಂತ ಕೂರಬೇಡಿ. ಕಾಲು ಎತ್ತರ ಮಾಡಿ ಮಲಗಿಸಿ, ದಮ್ಮು ಕಟ್ಟಿದ್ದರೆ ಮಾತ್ರ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಹತ್ತಿರದ ಆಸ್ಪತ್ರೆ ಸಾಕು, ದೊಡ್ಡ ಆಸ್ಪತ್ರೆ ಹುಡುಕುತ್ತಾ ಸಮಯ ಕಳೆಯಬೇಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅಲರ್ಜಿಯ ಇಂಜೆಕ್ಷನ್ ಕೋರ್ಸಿನ ಬಗ್ಗೆ ಮೇಷ್ಟ್ರೊಬ್ಬರು ವಿಚಾರಿಸಿದರು. ಅಲರ್ಜಿ ಇರುವ ವಸ್ತುವನ್ನೇ ಕಿಂಚಿತ್ತು ಕಿಂಚಿತ್ತಾಗಿ ಕೊಟ್ಟು ದೇಹವನ್ನು ಪಳಗಿಸುವುದು. 1911ರಿಂದಲೂ ಇದೆ, ನುಸಿ ಅಲರ್ಜಿಯಲ್ಲಿ ಕೆಲವರಿಗೆ ಒಳ್ಳೆಯ ಫಲ ಕೊಡುತ್ತದೆ. ಆದರೆ ಮೂರು ವರ್ಷ ಬಿಡದೆ ಮಾಡಬೇಕು, ಆಸ್ತಮಾ ಹತೋಟಿಗೆ ಬಂದ ಮೇಲೆಯೇ ಶುರು ಮಾಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಬಚ್ಚಲ ಒಲೆ ಬಿಡಬೇಕಾ ಅಂತ ಹಿಂದಿನ ಬೆಂಚಿನ ಅಮ್ಮ ಒಬ್ಬರು ಕೇಳಿದರು. ಬಿಟ್ಟರೆ ಒಳ್ಳೆಯದು. ಆಗದಿದ್ದರೆ ಉಬ್ಬಸ ಇರುವವರು ಬೆಂಕಿ ಹಾಕುವ ಕೆಲಸ ಮಾಡಬಾರದು, ಒದ್ದೆ ಸೌದೆ ಇಡಬಾರದು, ಹೊಗೆ ಹೋಗಲು ಕೊಳವೆ ಬೇಕು. ರಾತ್ರಿ ಬಾಗಿಲು ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದಕ್ಕಿಂತ ಸೊಳ್ಳೆ ಪರದೆ ಕಟ್ಟಿ.

ಕೊನೆಗೆ ಏಳನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತ. ‘ಸರ್, ನಂಗೆ ಆಸ್ತಮಾ ಉಂಟು. ಕಬಡ್ಡಿ ಆಡಬಹುದಾ?’ ಆಡಬಹುದು ಅಂದೆ. ದಿನದ ಇನ್‌ಹೇಲರ್ ತಪ್ಪಿಸದಿದ್ದರೆ ಜಿಲ್ಲಾ ಮಟ್ಟಕ್ಕೂ ಆಡಬಹುದು. ಓಡಿದರೆ ಎದೆ ಬಿಗಿಯುತ್ತದೆ ಅಂತಾದರೆ ಡಾಕ್ಟರು ಹೇಳಿದ ಪಫ್ ಆಟಕ್ಕೆ ಹದಿನೈದು ನಿಮಿಷ ಮೊದಲು ತೆಗೆದುಕೊಂಡು, ಸ್ವಲ್ಪ ಮೈ ಬಿಸಿ ಮಾಡಿಕೊಂಡು ಇಳಿಯಬೇಕು. ನಿನ್ನ ಇನ್‌ಹೇಲರ್ ಎಲ್ಲಿರುತ್ತದೆ ಅಂತ ಕೇಳಿದೆ. ‘ಆಫೀಸಿನ ಕಪಾಟಿನಲ್ಲಿ, ಬೀಗ ಹಾಕಿ’ ಅಂದ. ಮುಂದಿನ ಸಾಲಿನಲ್ಲಿದ್ದ ಟೀಚರು ಎದ್ದು ಹೋದರು. ಐದು ನಿಮಿಷದಲ್ಲಿ ನೀಲಿ ಡಬ್ಬಿ ಹಿಡಿದು ವಾಪಸ್ ಬಂದು, ಹುಡುಗನ ಬ್ಯಾಗಿನ ಹೊರಗಿನ ಜೇಬಿನಲ್ಲಿ ಇಟ್ಟು ಜಿಪ್ ಎಳೆದರು.